ಡೆರೆಕ್ ಕಟ್ಟಿದ ಎಡ ರೆಕ್ಕೆ

ಡೊಂಬಿವಲಿ, ಹೊರಡುವ ಮೊದಲು

ಇಂಗ್ಲೆಂಡಿಗೆ ನಾನು ಹೋದದ್ದು ಅರಮನೆ ನೋಡಲಿಕ್ಕಲ್ಲ, ಚೌಕಾಸಿ ಮಾಡಲಿಕ್ಕೆ. ನವಿಮುಂಬಯಿಯ ಸಾನಪಾಡಾದಲ್ಲಿ ನನ್ನದೊಂದು ಸಸ್ಯಾಹಾರಿ ಹೋಟೆಲಿದೆ. ಮೊದಲ ದಿನದಿಂದ ಇವತ್ತಿನವರೆಗೆ ಅಲ್ಲಿಗೆ ಬಂದ ಒಂದು ಚಮಚವನ್ನೂ ಅಂಗಡಿಯವನು ಹೇಳಿದ ಬೆಲೆಗೆ ತಂದವನಲ್ಲ ನಾನು. ನಮ್ಮ ಬಳಗದಲ್ಲಿ ಯಾರು ಏನು ಕೊಳ್ಳುವುದಿದ್ದರೂ, ಫ್ಲ್ಯಾಟಿರಲಿ ಗ್ರೈಂಡರಿರಲಿ, ಪಕ್ಕದಲ್ಲಿ ನಾನಿರಬೇಕು. ಈ ಸಲ ಕೊಳ್ಳಬೇಕಾಗಿದ್ದದ್ದು ಕಟ್ಟಿ ಮುಗಿಯದ ಒಂದು ವಿಮಾನ.

ಅಕ್ಕನ ಮಗ ಪ್ರಶಾಂತನ ಹುಚ್ಚು ಅದು. ಡೊಂಬಿವಲಿಯಲ್ಲೇ ಹುಟ್ಟಿ ಬೆಳೆದವನು, ಅಲ್ಲೇ ಒಂದು ಕಾರ್ಖಾನೆಯಲ್ಲಿ ಇಂಜಿನಿಯರು. ವಯಸ್ಸು ಮೂವತ್ತನಾಲ್ಕು. ರಜೆಗಳನ್ನೆಲ್ಲ ಕೂಡಿಸಿ ಹಾರಲು ಕಲಿತು ಲೈಸೆನ್ಸು ಪಡೆದಿದ್ದಾನೆ. ಈಗ ತನ್ನದೇ ವಿಮಾನ ಕಟ್ಟಬೇಕಂತೆ. ಕಾರ್ಖಾನೆಯಲ್ಲಲ್ಲ, ಕಲ್ಯಾಣದ ಆಚೆ ಬಾಡಿಗೆಗೆ ಹಿಡಿದ ಒಂದು ಗಾಲಾದಲ್ಲಿ, ಅಂದರೆ ಸಣ್ಣ ವರ್ಕ್‌ಶಾಪಿನವರು ಇಟ್ಟುಕೊಳ್ಳುವ ತಗಡಿನ ಶೆಡ್ಡಿನಲ್ಲಿ. ಎರಡೇ ಸೀಟು, ಮರದ ಮೈ. ಇಂಥವನ್ನು ಮನೆಯ ಹಿತ್ತಲಲ್ಲಿ ಕಟ್ಟಿಕೊಂಡು ಹಾರುವ ಮಂದಿ ಲೋಕದಲ್ಲಿ ಬೇಕಾದಷ್ಟಿದ್ದಾರೆ ಎಂದು ನನಗೆ ಆಗಲೇ ತಿಳಿದದ್ದು. ಇಂಗ್ಲೆಂಡಿನ ನಾರ್ಫೋಕ್ ಕಡೆಯ ಹಳ್ಳಿಯೊಂದರಲ್ಲಿ ಡೆರೆಕ್ ಎಂಬ ಮುದುಕ ಅಂಥದ್ದೊಂದನ್ನು ಮುಕ್ಕಾಲುಪಾಲು ಕಟ್ಟಿ, ಇನ್ನು ಕೈಲಾಗುವುದಿಲ್ಲವೆಂದು ಮಾರಾಟಕ್ಕಿಟ್ಟಿದ್ದ.

ಭಾವ ತೀರಿಕೊಂಡ ಮೇಲೆ ಅಕ್ಕನಿಗೆ ಇರುವವನು ಪ್ರಶಾಂತನೊಬ್ಬನೇ. ಅವಳು ನನ್ನನ್ನು ಅಡುಗೆಮನೆಗೆ ಕರೆದಳು.

"ನಾನು ಬೇಡ ಅಂದ್ರೆ ಕದ್ದು ಮಾಡ್ತಾನೆ. ನೀನು ಹೋಗು. ಮಿಕ್ಸಿ ತಗೊಳ್ಳುವಾಗ ಅಡಿಮೇಲು ಮಾಡಿ ನೋಡ್ತೀಯಲ್ಲ, ಹಾಗೆ ನೋಡು. ನೀನು ಆಗ್ತದೆ ಅಂದ್ರೆ ನಾನು ಬಾಯಿ ಮುಚ್ಚಿ ಕೂತ್ಕೊಳ್ತೇನೆ. ಆಗೂದಿಲ್ಲ ಅಂದ್ರೆ ಅವನು ಜನ್ಮದಲ್ಲಿ ಮತ್ತೆ ವಿಮಾನದ ಸುದ್ದಿ ಎತ್ತಬಾರ್ದು."

"ನನಗೆ ವಿಮಾನದ ಬಗ್ಗೆ ಏನು ಗೊತ್ತಕ್ಕ?"

"ಮನುಷ್ಯರ ಬಗ್ಗೆ ಗೊತ್ತುಂಟಲ್ಲ."

ಹಾಲಿನಲ್ಲಿ ಕೂತಿದ್ದ ಪ್ರಶಾಂತ ಎಲ್ಲ ಕೇಳಿಸಿಕೊಂಡಿದ್ದ. ಅವನಿಗೆ ಕನ್ನಡ, ತುಳು ಎರಡೂ ಅರ್ಥವಾಗುತ್ತವೆ, ಉತ್ತರ ಮಾತ್ರ ಮುಂಬಯಿಯ ಹಿಂದಿ-ಮರಾಠಿಯಲ್ಲೇ. "ಡನ್ ಮಾಮಾ. ತುಮ್ ಬೋಲಾ ತೋ ಫೈನಲ್," ಎಂದ. ನಾನು ಹೇಳಿದ್ದೇ ಕೊನೆಯ ಮಾತು ಎಂದು ನಗುತ್ತಲೇ ಒಪ್ಪಿದ. ಆದರೆ ಸೋಫಾದ ಅಂಚನ್ನು ಹಿಡಿದುಕೊಂಡಿದ್ದ.

ಕೇಂಬ್ರಿಜ್ ಸ್ಟೇಷನ್ನು

ನಲವತ್ತು ವರ್ಷ ಲೋಕಲಿನಲ್ಲಿ ಓಡಾಡಿದವನಿಗೆ ಇಂಗ್ಲೆಂಡಿನ ರೈಲೇನು ದೊಡ್ಡದು ಎಂಬ ಜಂಬ ನನಗಿತ್ತು. ಲಂಡನ್ನಿನಲ್ಲಿ ಗಾಡಿ ಬಂದ ಕೂಡಲೇ ಮುಂದಿನ ಡಬ್ಬಿಗಳಲ್ಲಿ ಜನ ಕಂಡು, ಹಿಂದಿನ ಖಾಲಿ ಡಬ್ಬಿಗೆ ಪ್ರಶಾಂತನನ್ನು ತಳ್ಳಿ, ಕಿಟಕಿಯ ಸೀಟಿಗೆ ಬ್ಯಾಗು ಎಸೆದೆ. "ನೋಡಿದ್ಯಾ, ಅನುಭವ ಅಂದ್ರೆ ಇದು" ಎಂದೆ.

ಕೇಂಬ್ರಿಜ್‌ನಲ್ಲಿ ಗಾಡಿ ನಿಂತಿತು. ನಿಂತೇ ಇತ್ತು. ನಾನು ಚಕ್ಕುಲಿ ತೆಗೆದೆ. ಎದುರಿಗೆ ನಮ್ಮದೇ ಗಾಡಿಯ ಮುಂದಿನ ಅರ್ಧ ನಮ್ಮನ್ನು ಬಿಟ್ಟು ಸದ್ದಿಲ್ಲದೆ ಹೊರಟುಹೋಯಿತು. ಅಲ್ಲಿ ಗಾಡಿಯನ್ನು ಕತ್ತರಿಸುತ್ತಾರೆ. ಹಿಂದಿನ ಡಬ್ಬಿಗಳು ಅಲ್ಲೇ ಉಳಿಯುತ್ತವೆ. ಮೈಕಿನಲ್ಲಿ ಮೂರು ಸಲ ಹೇಳಿದ್ದರಂತೆ. ಮೈಕಿನಲ್ಲಿ ಹೇಳುವುದನ್ನು ಕೇಳಿಸಿಕೊಳ್ಳುವ ಅಭ್ಯಾಸ ಠಾಣೆ-ಕಲ್ಯಾಣದ ಯಾವ ಪ್ರಯಾಣಿಕನಿಗಿದೆ, ಹೇಳಿ? ಹೊರದೇಶಕ್ಕೆ ಹೋಗುವವರಿಗೆ ನನ್ನ ಮೊದಲ ಸಲಹೆ ಇದು: ಖಾಲಿ ಸೀಟು ಕಂಡರೆ ಕೂರುವ ಮೊದಲು, ಅದು ಯಾಕೆ ಖಾಲಿಯಿದೆ ಎಂದು ಕೇಳಿ.

ಮುಂದಿನ ಗಾಡಿಗೆ ಕಾಯುತ್ತ ಪ್ರಶಾಂತ ತನ್ನ ಫೈಲು ತೆರೆದು ನನಗೆ ಕಾನೂನು ಬೋಧಿಸಿದ. ಮನೆಯಲ್ಲಿ ಕಟ್ಟುವ ವಿಮಾನವೆಂದರೆ ಹೇಳುವವರು ಕೇಳುವವರು ಇಲ್ಲವೆಂದು ನಾನು ತಿಳಿದಿದ್ದೆ. ಹಾಗಲ್ಲ. ಅರ್ಧಕ್ಕಿಂತ ಹೆಚ್ಚಿನ ಕೆಲಸ ಹವ್ಯಾಸಕ್ಕಾಗಿ ಕಟ್ಟುವವರ ಕೈಯಲ್ಲೇ ಆಗಿರಬೇಕು, ದುಡ್ಡು ಕೊಟ್ಟು ಮಾಡಿಸುವ ಹಾಗಿಲ್ಲ. ರೆಕ್ಕೆಯ ಒಳಗನ್ನು ಮುಚ್ಚುವ ಮೊದಲು ಇನ್ಸ್‌ಪೆಕ್ಟರು ಬಂದು ನೋಡಿ ರುಜು ಹಾಕಬೇಕು. ಕಟ್ಟಿ ಮುಗಿದ ಮೇಲೂ ಬಹಳ ದಿನ ಊರ ಮೇಲೆ ಹಾರಬಾರದು, ಜತೆಗೆ ಯಾರನ್ನೂ ಕೂರಿಸಿಕೊಳ್ಳಬಾರದು. ನಮ್ಮ ದೇಶದಲ್ಲಾದರೆ ಇಷ್ಟರ ಜತೆಗೆ ದಿಲ್ಲಿಯ ಅಪ್ಪಣೆ ಬೇರೆ. ನವಿಮುಂಬಯಿಯ ಆಕಾಶವಂತೂ ದೊಡ್ಡ ವಿಮಾನಗಳದ್ದೇ. ಇವನು ಹಾರುವುದಿದ್ದರೆ ಎಲ್ಲೋ ದೂರದ ಸಣ್ಣ ರನ್‌ವೇಗೆ ಹೋಗಬೇಕು. ಕೊನೆಗೆ, ಕೂರುವವರ ಕಣ್ಣೆದುರಿಗೇ ಒಂದು ಫಲಕ: ಇದು ಮನೆಯಲ್ಲಿ ಕಟ್ಟಿದ್ದು, ದೊಡ್ಡ ವಿಮಾನಗಳ ಮಟ್ಟದ್ದಲ್ಲ, ಕೂರುವುದು ನಿಮ್ಮ ಹೊಣೆ.

"ನಾನು ಹೋಟೆಲಿನಲ್ಲಿ ಹಾಗೊಂದು ಬೋರ್ಡು ಹಾಕಿದ್ರೆ? ಈ ಸಾಂಬಾರು ತಿನ್ನೂದು ನಿಮ್ಮ ಹೊಣೆ ಅಂತ?"

"ಮಾಮಾ, ತುಮ್ಹಾರಾ ಸಾಂಬಾರ್ ಆಸ್ಮಾನ್ ಸೆ ನಹೀ ಗಿರ್ತಾ." ನನ್ನ ಸಾಂಬಾರು ಆಕಾಶದಿಂದ ಬೀಳುವುದಿಲ್ಲವಂತೆ.

ಡೆರೆಕ್‌ನ ಶೆಡ್ಡು

ಹಳ್ಳಿಯ ರಸ್ತೆಬದಿಯಲ್ಲಿ ಒಂದು ಮೇಜು. ಮೇಲೆ ಟೊಮೆಟೊ, ಪಕ್ಕದಲ್ಲಿ ಬಾಯಿ ತೆರೆದ ಡಬ್ಬಿ, ಮಾರುವವರು ಯಾರೂ ಇಲ್ಲ. ಬೇಕಾದಷ್ಟು ತೆಗೆದುಕೊಂಡು ಡಬ್ಬಿಗೆ ದುಡ್ಡು ಹಾಕಿ ಹೋಗುವುದು ಅಲ್ಲಿಯ ರೂಢಿ. ಎದುರಿಗೆ ಆಸಾಮಿಯೇ ಇಲ್ಲದಿದ್ದರೆ ಕಡಿಮೆ ಮಾಡು ಎಂದು ಯಾರಿಗೆ ಹೇಳುವುದು? ನನ್ನ ಕಸುಬಿಗೆ ಇದಕ್ಕಿಂತ ದೊಡ್ಡ ಅವಮಾನವನ್ನು ನಾನು ಕಂಡಿಲ್ಲ.

ಡೆರೆಕ್ ಎಪ್ಪತ್ತು ದಾಟಿದ ಮನುಷ್ಯ, ಬಡಗಿಯಾಗಿ ದುಡಿದವನು. ಒಬ್ಬನೇ ಇರುತ್ತಾನೆ. ಮನೆಯ ಹಿಂದೆ ಶೆಡ್ಡು. ಬಾಗಿಲು ತೆರೆದಾಗ ಪ್ರಶಾಂತ ಹೊಸ್ತಿಲಲ್ಲೇ ನಿಂತುಬಿಟ್ಟ. ನಡುವೆ ದೋಣಿಯಂಥ ಮೈ. ಗೋಡೆಗೆ ಆನಿಸಿದ ಎರಡು ರೆಕ್ಕೆ, ನಯವಾದ ಪ್ಲೈವುಡ್ಡು, ಅರಿಶಿನ ಬಣ್ಣದ ಹೊಳಪು. ನಾನೂ ಒಂದು ನಿಮಿಷ ಬಾಯಿಬಿಟ್ಟು ನೋಡಿದೆ. ಕೊಳ್ಳುವವನು ಹಾಗೆ ನೋಡಬಾರದು. ಕೂಡಲೇ ಸಾವರಿಸಿಕೊಂಡು, ಅಲ್ಲಿ ಧೂಳು, ಇಲ್ಲಿ ಗೀಚು ಎಂದು ಮುಖ ಸೊಟ್ಟ ಮಾಡಿದೆ. ಪ್ರಶಾಂತ ಮಾತ್ರ ರೆಕ್ಕೆಯನ್ನು ಸವರುತ್ತ "ಬ್ಯೂಟಿಫುಲ್, ಬ್ಯೂಟಿಫುಲ್" ಎನ್ನುತ್ತಲೇ ಇದ್ದ. ಇಂಥವನನ್ನು ಜತೆಗಿಟ್ಟುಕೊಂಡು ಚೌಕಾಸಿ ಮಾಡುವುದೆಂದರೆ ಚಾಳಣಿಯಲ್ಲಿ ಹಾಲು ಹಿಡಿದಂತೆ.

ಚಹಾ ಬಂತು. ಡೆರೆಕ್ ಬೆಲೆ ಹೇಳಿದ. ನಾನು ನನ್ನ ಹಳೆಯ ಅಸ್ತ್ರ ತೆಗೆದೆ: ಸುಮ್ಮನೆ ಕೂತೆ. ನಮ್ಮ ಕಡೆ ಎರಡು ನಿಮಿಷ ಸುಮ್ಮನಿದ್ದರೆ ಮಾರುವವನೇ ಚಡಪಡಿಸಿ "ಸರಿ, ನೀವೇ ಹೇಳಿ ಸಾಹೇಬ್ರೆ" ಎನ್ನುತ್ತಾನೆ. ಡೆರೆಕ್ ಕೂಡ ಸುಮ್ಮನೆ ಕೂತ. ಕಿಟಕಿಯ ಹೊರಗೆ ನೋಡಿದ. ಬಿಸ್ಕತ್ತು ತಿಂದ. ಹದಿನೈದು ನಿಮಿಷವಾದ ಮೇಲೆ "ಬಹುಶಃ ಮಳೆ ಬರಬಹುದು" ಎಂದ. ಸುಮ್ಮನಿರುವುದು ಅವರಿಗೆ ವಿಶ್ರಾಂತಿ. ನಾನು ಬೆವರಿದೆ.

ಎರಡನೆಯ ದಿನ, ಹೇಝಲ್

ಮರುದಿನ ಇನ್ಸ್‌ಪೆಕ್ಟರು ಬರುವುದಿತ್ತು. ಇಷ್ಟು ವರ್ಷ ಹೋಟೆಲು ನಡೆಸಿದವನು ಇನ್ಸ್‌ಪೆಕ್ಟರೆಂದರೆ ಬರಿಗೈಯಲ್ಲಿ ಹೇಗೆ ನಿಲ್ಲುತ್ತಾನೆ? ವಾಶಿಯಿಂದಲೇ ಕಾಜು ಕತ್ಲಿಯ ಒಂದು ಪೊಟ್ಟಣ ಕಟ್ಟಿಸಿಕೊಂಡು ಹೋಗಿದ್ದೆ.

ಬಂದವಳು ಹೇಝಲ್ ಎಂಬ ಹೆಂಗಸು. ನರೆತ ಕೂದಲು, ಕೆಸರಿನ ಬೂಟು, ಕೈಯಲ್ಲಿ ಟಾರ್ಚು, ಹಲ್ಲಿನ ಡಾಕ್ಟರರಲ್ಲಿರುವಂಥ ಪುಟ್ಟ ಕನ್ನಡಿ. ಅವಳೂ ತನ್ನ ವಿಮಾನವನ್ನು ತಾನೇ ಕಟ್ಟಿ ಹಾರಿದವಳು. ಈಗ ಬೇರೆಯವರದ್ದನ್ನು ನೋಡಿಕೊಡುತ್ತಾಳೆ. ನಾನು ನಮಸ್ಕಾರ ಹೇಳಿ ಪೊಟ್ಟಣ ಕೊಟ್ಟೆ. ಅವಳು ತೆರೆದು ನೋಡಿ, ಸಂತೋಷಪಟ್ಟು, ಬೆಂಚಿನ ಮೇಲಿಟ್ಟಳು. ಆಮೇಲೆ ವಿಮಾನದ ದಾಖಲೆ ಪುಸ್ತಕ ತೆಗೆದು, ಆ ದಿನದ ತಾರೀಖು ಹಾಕಿ, ಬರೆದದ್ದನ್ನು ನನಗೇ ಓದಿ ಹೇಳಿದಳು: "ತಪಾಸಣೆಗೆ ಮುಂಚೆ, ಕೊಳ್ಳುವವರ ಕಡೆಯಿಂದ ಒಂದು ಡಬ್ಬಿ ಸಿಹಿ."

"ಅಯ್ಯೋ, ಅದನ್ನು ಯಾಕೆ ಬರೀತೀರಿ ಮೇಡಂ?"

"ಬರೆದರೆ ತಿನ್ನಬಹುದು. ಬರೆಯದಿದ್ದರೆ ವಾಪಸ್ ಕೊಡಬೇಕಾಗುತ್ತದೆ."

ಪ್ರಶಾಂತ ತಲೆ ಮೇಲೆ ಕೈ ಇಟ್ಟುಕೊಂಡ. "ಮಾಮಾ, ಲಾಜ್ ಆಣಲೀ," ಎಂದು ಮರಾಠಿಯಲ್ಲಿ ಗೊಣಗಿದ, ಮಾನ ಕಳೆದೆಯಲ್ಲ ಎಂದು.

ಅವಳು ರೆಕ್ಕೆಯ ಉದ್ದಕ್ಕೂ ಒಂದು ನಾಣ್ಯದಿಂದ ಟಕಟಕ ಬಡಿಯುತ್ತ ಹೋದಳು. ಪ್ಲೈವುಡ್ಡು ಬಿಟ್ಟಿದ್ದರೆ ಸದ್ದು ಬದಲಾಗುತ್ತದಂತೆ. ಎಲ್ಲೂ ಬದಲಾಗಲಿಲ್ಲ. "ಒಳಗಿನದ್ದು ಹೇಗೆ ಗೊತ್ತಾಗುತ್ತದೆ?" ಎಂದು ಕೇಳಿದೆ.

"ಮುಚ್ಚುವ ಮುಂಚೆ ನಾನು ನೋಡಿದ್ದೇನೆ. ಆದರೆ ನನಗೆ ಕಾಣುವುದು ಕೂಡಿಕೆಯ ಹೊರಗು ಮಾತ್ರ. ಒಳಗಿನ ಅಂಟಿನ ಮಾತನ್ನು ಆ ಡಬ್ಬಿಗಳು ಹೇಳಬೇಕು."

ಕಪಾಟಿನಲ್ಲಿ ಎರಡು ಬಿಸ್ಕತ್ತಿನ ಡಬ್ಬಿ, ಎಡ ರೆಕ್ಕೆಗೊಂದು, ಬಲ ರೆಕ್ಕೆಗೊಂದು. ಆ ವಿಮಾನದಲ್ಲಿ ಮರವನ್ನು ಮರಕ್ಕೆ ಹಿಡಿದಿರುವುದು ಅಂಟು. ಪ್ರತಿ ಸಲ ಅಂಟು ಕಲಸಿದಾಗ, ಅದೇ ಅಂಟಿನಲ್ಲಿ ಎರಡು ಚೂರು ಮರ ಕೂಡಿಸಿ, ತಾರೀಖು ಬರೆದು, ಒಣಗಿದ ಮೇಲೆ ಮುರಿಯಬೇಕು. ಮರವೇ ಸೀಳಿದರೆ ಅಂಟು ಗಟ್ಟಿ. ಅಂಟಿನ ಗೆರೆಯಲ್ಲೇ ಬಿಟ್ಟುಕೊಂಡರೆ ಆ ದಿನದ ಕೆಲಸವನ್ನು ಕಿತ್ತುಹಾಕಿ ಮತ್ತೆ ಮಾಡಬೇಕು. ಮುರಿದ ಚೂರುಗಳನ್ನು ಎಸೆಯದೆ ಇಡಬೇಕು.

ಇದನ್ನು ಕೇಳಿ ನನಗೆ ಖುಷಿಯಾಯಿತು, ಯಾಕೆಂದರೆ ನನ್ನ ಕಸುಬಿನಲ್ಲೂ ಇದುಂಟು. ಹಿಂದೆ ಘಣಸೋಲಿಯ ಹತ್ತಿರ ಒಂದು ಕಾರ್ಖಾನೆಯ ಕ್ಯಾಂಟೀನು ನಡೆಸುತ್ತಿದ್ದೆ. ದಿನದ ಪ್ರತಿಯೊಂದು ಪದಾರ್ಥವನ್ನೂ ಒಂದೊಂದು ಡಬ್ಬಿಯಲ್ಲಿ ತೆಗೆದು, ತಾರೀಖು ಅಂಟಿಸಿ, ಫ್ರಿಜ್ಜಿನಲ್ಲಿಟ್ಟು, ರಿಜಿಸ್ಟರಿನಲ್ಲಿ ಬರೆಯಬೇಕು. ಯಾರಿಗಾದರೂ ಹೊಟ್ಟೆ ಕೆಟ್ಟರೆ ಪರೀಕ್ಷೆಗೆ ಬೇಕಲ್ಲ.

ಹೇಝಲ್ ಹೋದ ಮೇಲೆ, ಡೆರೆಕ್ ಮತ್ತು ಪ್ರಶಾಂತ ನಕ್ಷೆಗಳಲ್ಲಿ ಮುಳುಗಿದ್ದಾಗ, ನಾನು ಹೊತ್ತು ಕಳೆಯಲು ಆ ಡಬ್ಬಿಗಳನ್ನು ಬೆಂಚಿನ ಮೇಲೆ ಸುರಿದೆ.

ಬಲ ರೆಕ್ಕೆಯ ಚೂರುಗಳು ಒಂದರಂತೆ ಒಂದಿಲ್ಲ. ಕೆಲವು ದಪ್ಪ, ಕೆಲವು ತೆಳು. ಒಂದರಲ್ಲಿ ಪೆನ್ಸಿಲು, ಒಂದರಲ್ಲಿ ಪೆನ್ನು, ಒಂದಕ್ಕೆ ಚಹಾದ ಕಲೆ. ಎರಡಕ್ಕೆ ಕೆಂಪು ಗುರುತು: ಅಂಟು ಬಿಟ್ಟಿದೆ, ಮತ್ತೆ ಮಾಡಿದೆ. ಎಡ ರೆಕ್ಕೆಯವು ಮಾತ್ರ ಎಲ್ಲ ಒಂದೇ ಅಳತೆ. ಒಂದೂ ಸೋತಿಲ್ಲ. ಚಳಿಗಾಲದ ನಾಲ್ಕು ತಿಂಗಳ ಬೇರೆ ಬೇರೆ ತಾರೀಖು, ಆದರೆ ಪೆನ್ಸಿಲಿನ ಮೊನೆ ಅಷ್ಟೇ ಮೊಂಡು. ಅವನ್ನು ಸಾಲಾಗಿ ಜೋಡಿಸಿದೆ. ಮರದ ಗೆರೆ ಒಂದು ಚೂರಿನಿಂದ ಮುಂದಿನ ಚೂರಿಗೆ ಓಡಿತು. ಒಂದೇ ಪಟ್ಟಿಯನ್ನು ಒಂದೇ ದಿನ ಕೊಯ್ದದ್ದು.

ನನಗೆ ಹೇಗೆ ಹೊಳೆಯಿತು ಎಂದರೆ, ನಾನೂ ಮಾಡಿದ್ದೇನೆ. ಕ್ಯಾಂಟೀನಿಗೆ ಆಡಿಟು ಬರುತ್ತದೆಂದು ತಿಳಿದು, ಮೂರು ವಾರದ ರಿಜಿಸ್ಟರನ್ನು ಒಂದೇ ಸಲ ಕೂತು, ಒಂದೇ ಪೆನ್ನಿನಲ್ಲಿ ತುಂಬಿಸಿದ್ದೆ. ಯಾರಿಗೂ ಏನೂ ಆಗಲಿಲ್ಲ. ಅದನ್ನು ನಾನು ಇಷ್ಟು ದಿನ ನನ್ನ ಜಾಣತನವೆಂದೇ ಎಣಿಸಿದ್ದೆ.

ಮೂರನೆಯ ದಿನ ಬೆಳಿಗ್ಗೆ

ಸುಳ್ಳು ಬರೆಯುವುದಿಲ್ಲ. ನನ್ನ ತಲೆಗೆ ಮೊದಲು ಬಂದದ್ದು ಬೆಲೆ. ಈ ಗುಟ್ಟು ಕೈಯಲ್ಲಿದ್ದರೆ ಡೆರೆಕ್ ನಾನು ಹೇಳಿದಲ್ಲಿಗೆ ಇಳಿಯಲೇಬೇಕು. ಎರಡನೆಯದಾಗಿ ಬಂದದ್ದು ಪ್ರಶಾಂತ, ನೆಲದಿಂದ ಅಷ್ಟೆತ್ತರದಲ್ಲಿ, ಎಡಗಡೆಗೆ ಆ ರೆಕ್ಕೆ. ಅಕ್ಕನಿಗೆ ಫೋನು ಮಾಡಿ ಆಗುವುದಿಲ್ಲ ಎಂದರೆ ಅಲ್ಲಿಗೆ ಮುಗಿಯಿತು. ಆದರೆ ಆ ಹುಡುಗ ಉಳಿದ ಆಯುಷ್ಯವನ್ನೆಲ್ಲ ನನ್ನ ಆ ಒಂದು ಮಾತಿನ ಕೆಳಗೆ ಕಳೆಯಬೇಕು.

ಡೆರೆಕ್ ಬೆಳಗಿನಲ್ಲಿ ತೋಟಕ್ಕೆ ನೀರು ಹಾಕುತ್ತಿದ್ದ. ಎಡ ರೆಕ್ಕೆಯ ಎರಡು ಚೂರುಗಳನ್ನು ಜೋಡಿಸಿ ಅವನ ಮುಂದೆ ಹಿಡಿದೆ. ಅವನು ನೀರಿನ ಕ್ಯಾನು ಕೆಳಗಿಟ್ಟ.

"ಯಾರೂ ಗಮನಿಸಿರಲಿಲ್ಲ," ಎಂದ.

"ನಾನೂ ಇಂಥ ಕೆಲಸ ಮಾಡಿದ್ದೇನೆ. ಅನ್ನ ಸಾರಿನಲ್ಲಿ."

ಅವನು ಬೆಂಚಿನ ಮೇಲೆ ಕೂತ. "ಆ ಚಳಿಗಾಲ ಶೆಡ್ಡಿನ ಹೀಟರು ಕೆಟ್ಟಿತ್ತು. ಈ ಅಂಟು ಚಳಿಯಲ್ಲಿ ಸರಿಯಾಗಿ ಹಿಡಿಯುವುದಿಲ್ಲ. ರಿಪೇರಿಯವರೆಗೆ ಕಾಯಬಹುದಿತ್ತು." ಬಲಗೈಯನ್ನು ನನ್ನ ಮುಂದೆ ಚಾಚಿದ. ಅದು ಒಂದೇ ಸಮನೆ ನಡುಗುತ್ತಿತ್ತು. "ಇದು ಆಗಷ್ಟೇ ಶುರುವಾಗಿತ್ತು. ಕೈ ಪೂರ್ತಿ ಹೋಗುವ ಮೊದಲು ಮುಗಿಸಬೇಕೆಂದು ಕೆಲಸ ನಿಲ್ಲಿಸಲಿಲ್ಲ. ಚೂರುಗಳನ್ನೂ ಮಾಡಿದ್ದೆ. ಮುರಿದು ನೋಡಲು ಧೈರ್ಯ ಬರಲಿಲ್ಲ. ಒಲೆಗೆ ಹಾಕಿದೆ. ಬೇಸಿಗೆಯಲ್ಲಿ ಹೊಸತು ಮಾಡಿದೆ."

"ರೆಕ್ಕೆ ಗಟ್ಟಿಯಿರಲೂಬಹುದು."

"ಇರಬಹುದು. ಇಲ್ಲದಿರಬಹುದು. ನೀವು ಬಂದ ದಿನದಿಂದ ನಾನು ಅದನ್ನೇ ನೋಡುತ್ತಿದ್ದೇನೆ."

ಬೆಲೆಯ ಮಾತು ನನ್ನ ನಾಲಗೆಯ ತುದಿಯವರೆಗೆ ಬಂದಿತ್ತು. ಅವನ ಕೈ ನೋಡಿ ನುಂಗಿದೆ. "ನಾನು ಅವನಿಗೆ ಹೇಳುವುದಿಲ್ಲ. ಊಟದ ಹೊತ್ತಿನ ಒಳಗೆ ನೀವೇ ಹೇಳಿ," ಎಂದೆ.

ಅದೇ ದಿನ ಮಧ್ಯಾಹ್ನ

ಡೆರೆಕ್ ಹೇಳಿದ. ಪ್ರಶಾಂತನಿಗೆ ಎಲ್ಲವನ್ನೂ ಒಪ್ಪಿಕೊಂಡು, ಹೇಝಲ್‌ಗೆ ತಾನೇ ಫೋನು ಮಾಡಿ ಬರಹೇಳಿದ. ಆಮೇಲೆ ಗೋಡೆಯ ಗರಗಸ ತೆಗೆದು ಎಡ ರೆಕ್ಕೆಯ ಮುಂದೆ ನಿಂತ.

"ರುಕೋ, ರುಕೋ!" ಪ್ರಶಾಂತ ಅಡ್ಡ ಬಂದ. ನನ್ನ ಕಡೆ ತಿರುಗಿ, "ಮಾಮಾ, ಇತ್ನಾ ಅಚ್ಛಾ ವಿಂಗ್! ದೋ ಟುಕಡೇ ದೇಖ್ ಕೆ ತುಮ್..." ಎಂದ. ಇಷ್ಟು ಒಳ್ಳೆಯ ರೆಕ್ಕೆಯನ್ನು ಎರಡು ಚೂರು ನೋಡಿ ಹಾಳುಮಾಡಿಸುತ್ತೀಯಾ ಎಂಬ ಅರ್ಥದಲ್ಲಿ.

ಡೆರೆಕ್ ಅವನನ್ನು ಮೆಲ್ಲಗೆ ಸರಿಸಿ ಪ್ಲೈವುಡ್ಡು ಕೊಯ್ದ. ಮೊದಲ ಕೂಡಿಕೆಗೆ ಉಳಿಯಿಟ್ಟು ಹೊಡೆದ. ಮರವೇ ಸೀಳಿ ನಾರು ಎದ್ದಿತು. ಅಂಟು ಗಟ್ಟಿಯಿತ್ತು. ಎರಡನೆಯದೂ ಹಾಗೆಯೇ. ಪ್ರಶಾಂತ ನನ್ನನ್ನು ನೋಡಿದ ನೋಟ ಈಗಲೂ ಚುಚ್ಚುತ್ತದೆ. "ಬಘಾ! ಚಾಂಗ್ಲಾ ಹೋತಾ!" ನೋಡಿ, ಚೆನ್ನಾಗಿಯೇ ಇತ್ತು. ನಾನು ನೆಲ ನೋಡಿದೆ. ವಿಮಾನದ ಗಂಧವಿಲ್ಲದ ಹೋಟೆಲಿನವನು ಇಬ್ಬರ ವರ್ಷಗಳ ಆಸೆಯನ್ನು ಹಾಳುಮಾಡಿದೆನೇ ಎನ್ನಿಸಿತು.

ಮೂರನೆಯದು ರೆಕ್ಕೆ ಮೈಗೆ ಸೇರುವ ಜಾಗದ ಹತ್ತಿರದ್ದು. ಅದಕ್ಕೆ ಹೊಡೆಯಬೇಕಾಗಿಯೇ ಬರಲಿಲ್ಲ. ಉಳಿಯ ತುದಿ ತಾಗಿದ್ದೇ, ಎಣ್ಣೆ ಸವರಿದ ತಟ್ಟೆಯಿಂದ ಬರ್ಫಿ ಬಿಟ್ಟ ಹಾಗೆ ಎರಡಾಯಿತು. ಒಂದು ನಾರೂ ಎದ್ದಿರಲಿಲ್ಲ. ಎರಡೂ ಕಡೆ ಅಂಟು ಗಾಜಿನಂತೆ ಹೊಳೆಯುತ್ತಿತ್ತು.

ಡೆರೆಕ್ ಉಳಿಯನ್ನು ಬೆಂಚಿನ ಮೇಲಿಟ್ಟು ಹಿಂದೆ ಸರಿದ. ಪ್ರಶಾಂತ ಆ ಎರಡು ತುಂಡುಗಳನ್ನು ಎತ್ತಿ ತುಂಬ ಹೊತ್ತು ನೋಡಿದ. ಆಮೇಲೆ ಗರಗಸ ತೆಗೆದುಕೊಂಡು ಬಲ ರೆಕ್ಕೆಯ ಹತ್ತಿರ ಹೋದ.

"ಅದು ಸರಿಯಿದೆ," ಎಂದ ಡೆರೆಕ್. "ಅದರ ಚೂರುಗಳು ಅಸಲಿ. ಆಣೆ ಮಾಡಿ ಹೇಳುತ್ತೇನೆ."

"ನಂಬುತ್ತೇನೆ. ಆದರೂ ಕೊಯ್ಯಲಾ?"

ಬೆಲೆ ಕುದುರಿರಲಿಲ್ಲ, ರೆಕ್ಕೆ ಇನ್ನೂ ಡೆರೆಕ್‌ನದ್ದೇ. ಉಳಿದಿದ್ದ ಒಂದೇ ಒಳ್ಳೆಯ ರೆಕ್ಕೆ. ಡೆರೆಕ್ ಹೋಗಿ ದೀಪವನ್ನು ಎಳೆದು ಪ್ರಶಾಂತನ ಭುಜದ ಪಕ್ಕಕ್ಕೆ ತಂದು ಹಿಡಿದ.

ಪ್ರಶಾಂತ ಅಂಗೈಯಗಲ ಕೊಯ್ದು, ಮೂರು ಕೂಡಿಕೆಗಳಲ್ಲಿ ಪಕ್ಕದ ಪಟ್ಟಿಯನ್ನು ಎಬ್ಬಿಸಿ ನೋಡಿದ. ಮೂರರಲ್ಲೂ ಮರ ಸೀಳಿತು. ಪ್ರಶಾಂತ ಕುಣಿಯಲಿಲ್ಲ, ನನ್ನ ಕಡೆ ನೋಡಲೂ ಇಲ್ಲ. ದಾಖಲೆ ಪುಸ್ತಕ ಎಳೆದುಕೊಂಡು, ಎಲ್ಲಿ ಕೊಯ್ದೆ, ಏನು ಕಂಡೆ, ಯಾವುದನ್ನು ಇನ್ನು ರಿಪೇರಿ ಮಾಡಬೇಕು ಎಂದು ತನ್ನ ಹೆಸರು ಹಾಕಿ ಬರೆದ. ಸಂಜೆ ಬಂದ ಹೇಝಲ್ ಡೆರೆಕ್‌ನನ್ನು ಬೈಯಲಿಲ್ಲ. ಅದೇ ಪುಟದ ಕೆಳಗೆ, ಎಡ ರೆಕ್ಕೆಯನ್ನು ಪಾಸು ಮಾಡಿದ್ದು ತನ್ನ ತಪ್ಪು ಎಂದು ಬರೆದು ರುಜು ಹಾಕಿದಳು. ತನ್ನ ತಪ್ಪನ್ನು ತಾನೇ ಬರೆದಿಡುವ ಇನ್ಸ್‌ಪೆಕ್ಟರನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಆಮೇಲೆ ನಾಲ್ವರೂ ಕೂತು ಕಾಜು ಕತ್ಲಿ ತಿಂದೆವು.

ಮೈ, ಬಾಲ, ಬಲ ರೆಕ್ಕೆ, ನಕ್ಷೆ, ಪುಸ್ತಕ, ಇಷ್ಟನ್ನು ಕೊಂಡೆವು. ಎಷ್ಟಕ್ಕೆ ಎಂದು ಹೇಳುವುದಿಲ್ಲ. ಬೆಲೆ ಬಾಯಿಬಿಡುವವನು ಮುಂದಿನ ಚೌಕಾಸಿ ಗೆಲ್ಲುವುದಿಲ್ಲ. ಹೆಚ್ಚು ಎಳೆದಾಡಲಿಲ್ಲ ಎಂದಷ್ಟೇ ಹೇಳಬಲ್ಲೆ. ಪ್ಯಾಕಿಂಗಿನ ಪೆಟ್ಟಿಗೆ ಮಾತ್ರ ಪುಕ್ಕಟೆ ಮಾಡಿಸಿಕೊಂಡೆ.

ಮರಳಿ ಡೊಂಬಿವಲಿ

ಅಕ್ಕ ಎಲ್ಲವನ್ನೂ ಕೇಳಿದಳು. ನಾನು ಯಾವುದನ್ನೂ ಮುಚ್ಚಿಡಲಿಲ್ಲ, ಹೊಳೆಯುತ್ತಿದ್ದ ಆ ಅಂಟನ್ನೂ. ಅದನ್ನು ನಾನು ಹೇಳುವಾಗ ಅವಳು ಮುಖ ಆಚೆ ತಿರುಗಿಸಿದಳು. ಆಮೇಲೆ ಮಗನನ್ನು ಕೇಳಿದಳು:

"ಬಲಗಡೆದ್ದು ಸರಿ ಉಂಟು ಅಂತ ಆ ಅಜ್ಜ ಹೇಳಿದ್ನಲ್ಲ. ಮತ್ಯಾಕೆ ಕೊಯ್ದೆ?"

"ಮುಝೆ ಪತಾ ನಹೀ ಥಾ, ಅಮ್ಮಾ. ಬಸ್."

ಗೊತ್ತಿರಲಿಲ್ಲ, ಅಷ್ಟೇ. ಅಕ್ಕ ನನ್ನ ಕಡೆ ನೋಡಿದಳು. ಈಗ ನಾನು ಹೇಳಬೇಕಿತ್ತು, ಅದಕ್ಕೇ ಅಲ್ಲವೇ ಅವಳು ನನ್ನನ್ನು ಕಳುಹಿಸಿದ್ದು. ಎಡ ರೆಕ್ಕೆ ಮೊದಲಿನಿಂದ ಕಟ್ಟಬೇಕು, ವರ್ಷಗಳು ಹಿಡಿಯುತ್ತವೆ, ದಿಲ್ಲಿಯ ಕಾಗದ ಬೇರೆ. ಹಾರುವುದು ಅಪಾಯವಲ್ಲ ಎಂದು ನಾನು ಹೇಳಲಾರೆ.

"ಕಟ್ಟಲಿ ಅಕ್ಕ," ಎಂದೆ. "ಇವನು ಕಟ್ಟಬಹುದು."

ಅಕ್ಕ ಸೆರಗಿನಿಂದ ಮೇಜು ಒರೆಸಿದಳು. ಮೇಜು ಸ್ವಚ್ಛವಾಗಿಯೇ ಇತ್ತು.

"ಆ ಕಲ್ಯಾಣದ ತಗಡಿನ ಗಾಲಾದಲ್ಲಿ ಮಳೆಗಾಲ ಹಪ್ಪಳವೇ ಒಣಗೂದಿಲ್ಲ. ಅಂಟು ಒಣಗ್ತದಾ?"

ಪ್ರಶಾಂತ ಬೆಚ್ಚಿ ತಲೆಯೆತ್ತಿದ. ಆಮೇಲೆ, ನಿಧಾನವಾಗಿ, ಕನ್ನಡದಲ್ಲಿ ಹೇಳಿದ: "ಇಲ್ಲಮ್ಮ. ಜೂನ್‌ನಿಂದ ಸಪ್ಟೆಂಬರ್ ತನಕ ಕೆಲಸ ಬಂದ್."

"ಮನಸ್ಸು ತಡೆಯದಿದ್ರೆ?"

ಅವನ ಕೈ ಕಿಸೆಯಲ್ಲಿದ್ದ ಗಾಲಾದ ಕೀಲಿಯನ್ನು ಮುಟ್ಟಿ ನೋಡಿತು.

"ಬೀಗಕ್ಕೆ ಎಷ್ಟು ಕೀಲಿ ಉಂಟು?"

"ಎರಡು."

"ಜೂನ್ ಬಂದ ಕೂಡ್ಲೆ ಎರಡನ್ನೂ ನನ್ನ ಕೈಗೆ ಕೊಡು," ಎಂದು ಅಕ್ಕ ಅನ್ನಕ್ಕಿಡಲು ಎದ್ದಳು.